ಶಯನಕಾಲದ ಪ್ರಾರ್ಥನೆಯಲ್ಲಿ ವಿಧಿಯೂ ರೂಢಿಯೂ: ಅಕ್ಕಮ್ಮನ ವಚನಗಳ ಓದಿಗೊಂದು ಪೀಠಿಕೆ

ಕನ್ನಡದಲ್ಲಿ ‘ಆಚಾರ’ವೆಂಬ ಶಬ್ದವು ಎರಡು ಅರ್ಥಗಳನ್ನು ಒಟ್ಟಿಗೆ ಹೊತ್ತು ನಡೆಯುತ್ತದೆ. ಮಾಡಲೇಬೇಕಾದದ್ದೂ ಆಚಾರವೇ, ಹಿಂದಿನವರು ಮಾಡುತ್ತ ಬಂದರೆಂಬ ಕಾರಣಕ್ಕೆ ನಾವು ಮಾಡುವುದೂ ಆಚಾರವೇ. ಲಿಂಗಾಚಾರ, ಸದಾಚಾರ, ಶಿವಾಚಾರ, ಗಣಾಚಾರ, ಭೃತ್ಯಾಚಾರಗಳೆಂದು ಐದನ್ನು ಎಣಿಸುವ ಗ್ರಂಥಕಾರರು ಮೊದಲನೆಯ ಅರ್ಥವನ್ನು ಹಿಡಿಯುತ್ತಾರೆ. ‘ಇದು ನಮ್ಮ ಮನೆತನದ ಆಚಾರ’ ಎಂದು ಹೊಳಲ್ಕೆರೆಯ ಕಡೆಯ ಅಜ್ಜಿಯೊಬ್ಬಳು ಮೊಮ್ಮಗಳಿಗೆ ಹೇಳುವಾಗ ಎರಡನೆಯದು ಮುಂದಾಗುತ್ತದೆ. ಮಾತಿನ ವ್ಯವಹಾರದಲ್ಲಿ ಇದರಿಂದ ತೊಡಕೇನೂ ಇಲ್ಲ. ಕಾವ್ಯವಿಮರ್ಶೆಯಲ್ಲಿ ಮಾತ್ರ ಇದರಿಂದ ಒಂದು ಅನ್ಯಾಯವೇ ನಡೆದುಹೋಗಿದೆಯೆಂದು ನಮಗೆ ತೋರುತ್ತದೆ. ಹನ್ನೆರಡನೆಯ ಶತಮಾನದ ಅಕ್ಕಮ್ಮನನ್ನು ನೇಮದ ಪಟ್ಟಿಗಳನ್ನು ಬರೆದ ಶುಷ್ಕ ವ್ರತವಾದಿಯೆಂದು ತಳ್ಳಿಬಿಡುವ ವಾಡಿಕೆ ನಮ್ಮ ತರಗತಿಗಳಲ್ಲಿ ಬೇರೂರಿದೆ. ವಿಧಿಗೂ ರೂಢಿಗೂ ಇರುವ ಅಂತರವನ್ನು ಬಿಡಿಸಿ ನೋಡದೆ ಹೋದುದೇ ಇದಕ್ಕೆ ಕಾರಣವೆಂಬುದು ಈ ಲೇಖನದಲ್ಲಿ ನಾವು ವಿವೇಚಿಸಬೇಕೆಂದಿರುವ ವಿಷಯ.

ಈ ಅಂತರವನ್ನು ಒರೆಗೆ ಹಚ್ಚಿ ನೋಡಲು ಒಂದು ಚಿಕ್ಕ ಸಂದರ್ಭವನ್ನು ಆರಿಸಿಕೊಂಡಿದ್ದೇವೆ: ಮಲಗುವ ಹೊತ್ತಿನ ಪ್ರಾರ್ಥನೆ. ದೇವಾಲಯದ ಪೂಜೆಗೆ ಅರ್ಚಕನುಂಟು, ಸಂಧ್ಯಾಕಾಲದ ಕರ್ಮಕ್ಕೆ ಶಾಸ್ತ್ರವುಂಟು. ಹಾಸಿಗೆಯ ಮೇಲೆ ಕಣ್ಣು ಮುಚ್ಚುವ ಕ್ಷಣಕ್ಕೆ ಸಾಕ್ಷಿಯಾಗಿ ಯಾರೂ ಇಲ್ಲ. ಅಲ್ಲಿ ಹೇಳುವ ನಾಲ್ಕು ಮಾತುಗಳನ್ನು ಮನುಷ್ಯನು ಏಕೆ ಹೇಳುತ್ತಾನೆ? ಹೇಳದಿದ್ದರೆ ದೋಷವುಂಟೆಂದೋ, ತಾಯಿ ಕಲಿಸಿದಳೆಂದೋ, ಇರುಳಿನ ಭಯದಿಂದಲೋ? ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಮನೆಗಳಲ್ಲಿ ಮಲಗುವ ಮುನ್ನ ಮಗುವಿನ ಹಣೆಗೆ ವಿಭೂತಿಯನ್ನಿಟ್ಟು ಶಿವನ ಹೆಸರು ಹೇಳಿಸುವುದು, ಕೆಟ್ಟ ಕನಸು ಬೀಳದಿರಲೆಂದು ಹನುಮಂತನನ್ನು ನೆನೆಯಿಸುವುದು ಎಲ್ಲರೂ ಕಂಡಿರುವ ಸಂಗತಿ. ಶೇಂಗಾ ಬಿಡಿಸಿ ದಣಿದು ಬಂದ ತಾಯಿ ಅರ್ಧ ನಿದ್ದೆಯಲ್ಲಿಯೇ ಇದನ್ನು ಮಾಡುತ್ತಾಳೆ, ಮರೆತರೆ ಪ್ರಾಯಶ್ಚಿತ್ತವಿಲ್ಲ. ಅದೇ ಮಗು ಮುಂದೆ ಮಠದ ವಿದ್ಯಾರ್ಥಿನಿಲಯವೊಂದನ್ನು ಸೇರಿದರೆ ಸಂಜೆಯ ಸಾಮೂಹಿಕ ಪ್ರಾರ್ಥನೆಗೆ ಗಂಟೆ ಹೊಡೆಯುತ್ತದೆ. ಅಲ್ಲಿ ತಪ್ಪಿಸಿಕೊಂಡವನನ್ನು ಕೇಳುವವರಿದ್ದಾರೆ. ಶಿವನ ಹೆಸರು ಒಂದೇ ಆದರೂ ಮನೆಯಲ್ಲಿ ಅದು ರೂಢಿ, ನಿಲಯದಲ್ಲಿ ಅದು ಕಟ್ಟಳೆ.

ಈ ಎರಡರ ನಡುವಣ ಗೆರೆಯನ್ನು ಅತ್ಯಂತ ಸೂಕ್ಷ್ಮವಾಗಿ ಎಳೆದವರು ಯೆಹೂದ್ಯ ಧರ್ಮಶಾಸ್ತ್ರಜ್ಞರು. ಆದಕಾರಣ ನಮ್ಮ ವಚನಕಾರ್ತಿಯ ಬಳಿಗೆ ಬರುವ ಮೊದಲು ಅವರ ಗ್ರಂಥಗಳ ಕಡೆಗೆ ಸ್ವಲ್ಪ ಹೊತ್ತು ತಿರುಗುವುದು ಅವಶ್ಯ. ಯೆಹೂದ್ಯರು ನಮಗೆ ತೀರ ದೂರದವರೂ ಅಲ್ಲ. ಕೊಂಕಣ ತೀರದ ಬೆನೆ ಇಸ್ರಾಯೇಲರು ಎಣ್ಣೆಯ ಗಾಣವನ್ನು ನಡೆಸುತ್ತ, ಶನಿವಾರ ಮಾತ್ರ ಕೆಲಸ ನಿಲ್ಲಿಸುತ್ತಿದ್ದುದರಿಂದ ‘ಶನಿವಾರ ತೇಲಿ’ಗಳೆನಿಸಿಕೊಂಡಿದ್ದರು. ಗ್ರಂಥಗಳೂ ಪುರೋಹಿತರೂ ಇಲ್ಲದ ದೀರ್ಘಕಾಲದಲ್ಲಿ ಅವರ ನಾಲಗೆಯ ಮೇಲೆ ಉಳಿದಿದ್ದುದು ‘ಶೆಮಾ’ ಎಂಬ ಒಂದು ಪ್ರಾರ್ಥನೆ. ಬೆಂಗಳೂರಿನಲ್ಲಿಯೂ 1904ರಲ್ಲಿ ಏರ್ಪಟ್ಟ ಯೆಹೂದ್ಯರ ಸ್ಮಶಾನವೊಂದುಂಟು.

ಶೆಮಾ ಎಂಬುದು ದೇವರು ಒಬ್ಬನೇ ಎಂಬ ಘೋಷಣೆ. ಈ ಮಾತುಗಳನ್ನು ಮಲಗುವಾಗಲೂ ಏಳುವಾಗಲೂ ಆಡತಕ್ಕದ್ದೆಂದು ‘ಧರ್ಮೋಪದೇಶಕಾಂಡ’ದ ಆರನೆಯ ಅಧ್ಯಾಯ ವಿಧಿಸುತ್ತದೆ. ಕ್ರಿ.ಶ. 200ರ ಸುಮಾರಿಗೆ ಸಂಕಲಿತವಾದ ಮಿಶ್ನಾ ಎಂಬ ಮಹಾಸಂಹಿತೆ ಆರಂಭವಾಗುವುದೇ ಇದನ್ನು ಕುರಿತ ಒಂದು ಪ್ರಶ್ನೆಯಿಂದ: ಸಂಜೆಯ ಶೆಮಾವನ್ನು ಯಾವ ಹೊತ್ತಿನಿಂದ ಹೇಳಬಹುದು? ಸೃಷ್ಟಿಯ ವಿಚಾರವಿಲ್ಲ, ದೇವರ ಸ್ವರೂಪದ ವಿಚಾರವಿಲ್ಲ. ಗ್ರಂಥವು ಗಡಿಯಾರದ ಮಾತಿನಿಂದ ತೊಡಗುತ್ತದೆ. ರಾತ್ರಿಯ ಮೊದಲ ಜಾವದವರೆಗೆ ಎಂದು ರಬ್ಬಿ ಎಲಿಯೆಜರ್, ನಡುರಾತ್ರಿಯವರೆಗೆ ಎಂದು ಪಂಡಿತರು, ಬೆಳಗಿನ ಕೆಂಪು ಮೂಡುವವರೆಗೆ ಎಂದು ರಬ್ಬಾನ್ ಗಮಲಿಯೇಲ್ ಹೇಳುತ್ತಾರೆ. ಗಮಲಿಯೇಲನ ಮಕ್ಕಳು ಔತಣದಿಂದ ತಡವಾಗಿ ಬಂದು ತಾವಿನ್ನೂ ಶೆಮಾ ಹೇಳಿಲ್ಲವೆಂದಾಗ, ಬೆಳಗಾಗಿಲ್ಲದಿದ್ದರೆ ಹೊಣೆ ನಿಮ್ಮ ಮೇಲೆ ಇದ್ದೇ ಇದೆಯೆಂದು ತಂದೆ ಉತ್ತರ ಕೊಟ್ಟನಂತೆ. ಪಂಡಿತರು ನಡುರಾತ್ರಿಯ ಮಿತಿಯನ್ನು ಹಾಕಿದ್ದು ಮನುಷ್ಯನನ್ನು ತಪ್ಪಿನಿಂದ ದೂರವಿಡುವುದಕ್ಕೇ ಹೊರತು ವಿಧಿ ಅಲ್ಲಿಗೆ ಮುಗಿಯುತ್ತದೆಂದಲ್ಲ. ಬೇಲಿ ಬೇರೆ, ಹೊಲ ಬೇರೆ ಎಂಬ ಎಚ್ಚರ ಮೊದಲ ಪುಟದಲ್ಲಿಯೇ ಇದೆ.

‘ಮಲಗುವಾಗ’ ಎಂಬ ಮಾತಿನ ಅರ್ಥದ ಮೇಲೂ ಜಗಳ ನಡೆಯಿತು. ಶಮ್ಮಾಯ್ ಪಂಥದವರು ಅದನ್ನು ಅಕ್ಷರಶಃ ತೆಗೆದುಕೊಂಡು ಸಂಜೆ ಒರಗಿಕೊಂಡೇ ಹೇಳಬೇಕೆಂದರು. ಹಿಲ್ಲೇಲ್ ಪಂಥದವರು ಅದು ಜನ ಮಲಗುವ ಹೊತ್ತನ್ನು ಸೂಚಿಸುತ್ತದೆಯೇ ಹೊರತು ಮೈಯ ಭಂಗಿಯನ್ನಲ್ಲವೆಂದರು. ಶಮ್ಮಾಯ್ ಮತದಂತೆ ನಡೆಯಹೋಗಿ ದಾರಿಯಲ್ಲಿ ಒರಗಿಕೊಂಡ ರಬ್ಬಿ ತರ್ಫೋನ್ ಕಳ್ಳರ ಕೈಗೆ ಸಿಕ್ಕುವ ಅಪಾಯಕ್ಕೊಳಗಾದನು. ಸಹಾನುಭೂತಿಗೆ ಬದಲಾಗಿ, ಹಿಲ್ಲೇಲನ ಮಾತನ್ನು ಮೀರಿದ್ದಕ್ಕೆ ಹಾಗೆಯೇ ಆಗಬೇಕಿತ್ತೆಂಬ ಉತ್ತರ ದೊರೆಯಿತು. ಶಾಸ್ತ್ರಗ್ರಂಥಗಳಲ್ಲಿ ಹಾಸ್ಯವಿಲ್ಲವೆನ್ನುವವರು ಈ ಪುಟವನ್ನು ನೋಡಬೇಕು.

ಸಭಾಮಂದಿರದಲ್ಲಿ ಸಂಜೆಯ ಶೆಮಾ ಹೇಳಿ ವಿಧಿಯನ್ನು ತೀರಿಸಿದ ಮೇಲೆ ಹಾಸಿಗೆಯಲ್ಲಿ ಅದನ್ನು ಮತ್ತೆ ಹೇಳುವುದೇಕೆ ಎಂಬ ಪ್ರಶ್ನೆ ಏಳುವುದು ಮುಂದೆ, ಬಾಬಿಲೋನಿನ ತಾಲ್ಮೂದಿನಲ್ಲಿ. ಹಾಸಿಗೆಯ ಮೇಲೂ ಹೇಳುವುದು ಪುಣ್ಯಕಾರ್ಯವೆಂದು ರಬ್ಬಿ ಯೆಹೋಶುವ ಬೆನ್ ಲೇವಿಯ ಮತ. ಪಂಡಿತನಿಗೆ ಅದರ ಅಗತ್ಯವಿಲ್ಲವೆಂದು ರಾವ್ ನಹ್ಮಾನ್. ಸದಾ ಶಾಸ್ತ್ರಚಿಂತನೆಯಲ್ಲಿರುವವನನ್ನು ಆ ಚಿಂತನೆಯೇ ಕಾಯುತ್ತದೆ. ಪಂಡಿತನಾದರೂ ಕರುಣೆಯನ್ನು ಬೇಡುವ ಒಂದು ವಾಕ್ಯವನ್ನಾದರೂ ಹೇಳಲಿ ಎಂದು ಅಬಾಯೆ. ವಿನಾಯಿತಿಯ ಮಾತು ಬಂದಾಗಲೇ ಇದು ಕಟ್ಟುನಿಟ್ಟಿನ ವಿಧಿಯಲ್ಲವೆಂಬುದು ಗೊತ್ತಾಗುತ್ತದೆ. ಇದರ ಉದ್ದೇಶ ಇರುಳಿನಲ್ಲಿ ಸುಳಿಯುವ ಪೀಡಕಶಕ್ತಿಗಳಿಂದ ರಕ್ಷಣೆಯೆಂದು ಅದೇ ಗ್ರಂಥ ಸೂಚಿಸುತ್ತದೆ. ಕಾಲಾಂತರದಲ್ಲಿ ಈ ಬೀಜಕ್ಕೆ ಕೊಂಬೆಗಳು ಮೂಡಿದವು: ನಿದ್ರೆಯನ್ನು ಕಣ್ಣಿಗಿಳಿಸುವ ದೇವರನ್ನು ಸ್ತುತಿಸುವ ಮಾತು, ಕೀರ್ತನೆಗಳು, ಬಲಕ್ಕೆ ಮೀಖಾಯೇಲ್, ಎಡಕ್ಕೆ ಗಬ್ರಿಯೇಲ್, ಮುಂದೆ ಉರಿಯೇಲ್, ಹಿಂದೆ ರಫಾಯೇಲ್ ಎಂದು ದೇವದೂತರನ್ನು ನಿಲ್ಲಿಸಿಕೊಳ್ಳುವುದು, ಅಂದು ತನ್ನನ್ನು ನೋಯಿಸಿದವರನ್ನೆಲ್ಲ ಕ್ಷಮಿಸಿದೆನೆಂದು ಹೇಳಿಕೊಳ್ಳುವುದು. ಕೊನೆಯದರ ಮೂಲ ಮಾರ್ ಜುತ್ರಾ ಎಂಬ ಪಂಡಿತನ ನಿತ್ಯದ ಅಭ್ಯಾಸವೆಂದು ತಾಲ್ಮೂದು ಹೇಳುತ್ತದೆ. ಒಬ್ಬನ ಅಭ್ಯಾಸ ಒಂದು ಜನಾಂಗದ ರೂಢಿಯಾಯಿತು.

ಈ ಕೊಂಬೆಗಳ ನಡುವೆ ಕಾಂಡವೆಲ್ಲಿದೆಯೆಂಬುದು ಶಾಸ್ತ್ರಜ್ಞರಿಗೆ ಎಂದೂ ಮರೆಯಲಿಲ್ಲ. ಹದಿನಾರನೆಯ ಶತಮಾನದ ಕ್ರಾಕೋ ನಗರದ ಮೋಶೆ ಇಸ್ಸೆರ್ಲೆಸ್ ಬರೆದ ಟಿಪ್ಪಣಿಯೊಂದು ಇದಕ್ಕೆ ನಿದರ್ಶನ. ಪಾಸ್ಕ ಹಬ್ಬದ ರಾತ್ರಿ ಶೆಮಾದ ಭಾಗವನ್ನು ಮಾತ್ರ ಹೇಳಿ, ರಕ್ಷಣೆಗೆಂದು ಹೇಳುವ ಉಳಿದವನ್ನು ಬಿಡುವುದು ವಾಡಿಕೆಯೆಂದು ಅವನು ದಾಖಲಿಸುತ್ತಾನೆ. ಅಂದಿನ ರಾತ್ರಿಯನ್ನು ದೇವರೇ ಕಾಯುತ್ತಿರುವುದರಿಂದ ಬೇರೆ ಕಾವಲು ಬೇಡ. ಭಯಕ್ಕಾಗಿ ಹುಟ್ಟಿದ ಮಾತು ಭಯವಿಲ್ಲದ ರಾತ್ರಿ ತಾನಾಗಿ ಕಳಚಿಬೀಳುತ್ತದೆ. ವಿಧಿಯನ್ನೂ ರೂಢಿಯನ್ನೂ ಬೇರ್ಪಡಿಸಲು ಇದಕ್ಕಿಂತ ಒಳ್ಳೆಯ ಪರೀಕ್ಷೆ ನಮಗೆ ತೋರದು.

ರೂಢಿಯು ವಿಧಿಯಾಗಿ ಬಲಿಯುವುದೂ ಉಂಟು. ರಾತ್ರಿಯ ಪ್ರಾರ್ಥನೆ, ಅಂದರೆ ಶೆಮಾದ ತರುವಾಯ ನಿಂತು ಹೇಳುವ ಬಿನ್ನಹ, ಕಡ್ಡಾಯವೋ ಐಚ್ಛಿಕವೋ ಎಂಬ ವಿವಾದದಲ್ಲಿ ಎದುರಾಳಿಯನ್ನು ಸಭೆಯಲ್ಲಿ ನಿಲ್ಲಿಸಿ ಅವಮಾನಿಸಿದ ಕಾರಣಕ್ಕೆ ರಬ್ಬಾನ್ ಗಮಲಿಯೇಲ್ ಅಧ್ಯಕ್ಷಪೀಠವನ್ನೇ ಕಳೆದುಕೊಂಡನೆಂದು ತಾಲ್ಮೂದಿನ ಕಥೆ. ಹನ್ನೆರಡನೆಯ ಶತಮಾನದ ಮೈಮೋನಿಡೀಸ್, ಅಂದರೆ ನಮ್ಮ ಶರಣರ ಸಮಕಾಲೀನನು, ಈ ವಿವಾದವನ್ನು ಜಾಣ್ಮೆಯಿಂದ ಮುಗಿಸುತ್ತಾನೆ. ಅದು ಮೂಲತಃ ಕಡ್ಡಾಯವಲ್ಲ. ಆದರೆ ಜನರೆಲ್ಲರೂ ಎಲ್ಲೆಡೆಗಳಲ್ಲಿಯೂ ಅದನ್ನು ಕಡ್ಡಾಯವೆಂಬಂತೆ ತಮ್ಮ ಮೇಲೆ ಹೊತ್ತುಕೊಂಡಿದ್ದಾರೆ. ‘ಹೊತ್ತುಕೊಂಡರು’ ಎಂಬ ಈ ಭಾವವನ್ನು ವಾಚಕರು ನೆನಪಿನಲ್ಲಿಡಬೇಕು; ಅಕ್ಕಮ್ಮನ ಸಂದರ್ಭದಲ್ಲಿ ಅದು ನಮಗೆ ಮತ್ತೆ ಬೇಕಾಗುತ್ತದೆ.

ಇನ್ನೊಂದು ಸಂಗತಿ ನಮ್ಮ ವಾದಕ್ಕೆ ಇನ್ನೂ ಹತ್ತಿರದ್ದು. ಶೆಮಾ ಹೇಳುವ ಹೊಣೆಯಿಂದ ಸ್ತ್ರೀಯರಿಗೂ ದಾಸರಿಗೂ ಮಕ್ಕಳಿಗೂ ಮಿಶ್ನಾ ವಿನಾಯಿತಿ ಕೊಟ್ಟಿದೆ. ಗೊತ್ತಾದ ಹೊತ್ತಿಗೆ ಮಾಡಬೇಕಾದ ವಿಧಿಗಳು ಸಾಮಾನ್ಯವಾಗಿ ಸ್ತ್ರೀಯರಿಗೆ ಅನ್ವಯಿಸವು. ಆದರೂ ಮಲಗುವ ಹೊತ್ತಿನ ಶೆಮಾವನ್ನು ಮಕ್ಕಳ ಬಾಯಿಗೆ ತರುವವರು ಎಷ್ಟೋ ಮನೆಗಳಲ್ಲಿ ತಾಯಂದಿರೇ. ಹೊಣೆಯಿಲ್ಲದವರು ಹೊಣೆಯಿಲ್ಲದವರಿಗೆ ಕಲಿಸುತ್ತಾರೆ. ಹೊಣೆಯುಳ್ಳ ಪುರುಷರು ಅದರ ಹೊತ್ತನ್ನು ಚರ್ಚಿಸುತ್ತಾರೆ. ಇದರಲ್ಲಿ ಸ್ತ್ರೀಯರಿಗೆ ಅನುಕೂಲವಾಯಿತೆಂದು ಹೇಳುವವರಿದ್ದಾರೆ. ಆದರೆ ಆಜ್ಞೆಯಿಲ್ಲದೆ ಮಾಡಿದವನಿಗಿಂತ ಆಜ್ಞೆಗೊಳಪಟ್ಟು ಮಾಡಿದವನೇ ದೊಡ್ಡವನೆಂದು ರಬ್ಬಿ ಹನೀನಾ ಅದೇ ತಾಲ್ಮೂದಿನಲ್ಲಿ ಹೇಳಿದ್ದಾನೆ. ಹಾಗಾದರೆ ವಿನಾಯಿತಿಯೆಂಬುದು ಒಂದು ಬಗೆಯ ಲೆಕ್ಕಕ್ಕೆ ಬಾರದಿರುವಿಕೆಯೂ ಹೌದು.

ನಮ್ಮ ನೆರೆಯ ಮುಸಲ್ಮಾನರಲ್ಲಿ ಈ ಮೆಟ್ಟಿಲುಗಳಿಗೆ ಬೇರೆಬೇರೆ ಹೆಸರುಗಳೇ ಇವೆ. ಚಿತ್ರದುರ್ಗದ ಕೋಟೆಯ ಕೆಳಗಿನ ಬೀದಿಯಲ್ಲಾಗಲಿ ಹಿರಿಯೂರಿನ ಪೇಟೆಯಲ್ಲಾಗಲಿ ಸಾಮಾನ್ಯ ವ್ಯಾಪಾರಿಯೂ ಫರ್ಜ್, ವಾಜಿಬ್, ಸುನ್ನತ್, ನಫಿಲ್ ಎಂಬ ವಿಭಾಗಗಳನ್ನು ಬಲ್ಲನು. ರಾತ್ರಿಯ ಇಶಾ ನಮಾಜಿನ ನಾಲ್ಕು ರಕಾತುಗಳು ಫರ್ಜ್. ಹನಫೀ ಮತದಂತೆ ವಿತ್ರ್ ವಾಜಿಬ್. ಮಲಗುವ ಮುನ್ನ ಕುರಾನಿನ ಕೊನೆಯ ಮೂರು ಅಧ್ಯಾಯಗಳನ್ನು ಓದಿ ಅಂಗೈಗಳಿಗೆ ಊದಿ ಮೈಮೇಲೆ ಸವರಿಕೊಳ್ಳುವುದು ಸುನ್ನತ್. ಫರ್ಜಿನಲ್ಲಿ ಸ್ತ್ರೀಪುರುಷರೆಂಬ ಭೇದವಿಲ್ಲ. ಮಲಗುವ ಹೊತ್ತಿನ ಸ್ಮರಣೆಯೊಂದಂತೂ ಸ್ತ್ರೀಯೊಬ್ಬಳ ದಣಿವಿನಿಂದಲೇ ಹುಟ್ಟಿದ್ದು. ಬೀಸುವ ಕಲ್ಲು ತಿರುಗಿಸಿ ಕೈ ಜಡ್ಡುಗಟ್ಟಿದ ಫಾತಿಮಾ ತಂದೆಯ ಬಳಿಗೆ ಆಳೊಬ್ಬರನ್ನು ಬೇಡಲು ಹೋದಾಗ, ಪ್ರವಾದಿಯು ಹಾಸಿಗೆಗೆ ಹೋಗುವಾಗ 33 ಬಾರಿ ದೇವರ ಪಾವಿತ್ರ್ಯವನ್ನೂ 33 ಬಾರಿ ಸ್ತುತಿಯನ್ನೂ 34 ಬಾರಿ ಮಹಿಮೆಯನ್ನೂ ಹೇಳಿಕೊಳ್ಳೆಂದರೆಂದು ಹದೀಸಿನಲ್ಲಿದೆ. ಬೀಸುವ ಕಲ್ಲಿನ ಮುಂದೆ ಕುಳಿತು ದೇವರನ್ನು ಹಾಡಿದ ನಮ್ಮ ನಾಡಿನ ಹೆಂಗಸರಿಗೆ ಈ ಕಥೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಹಿನ್ನೆಲೆಯೊಂದಿಗೆ ಹನ್ನೆರಡನೆಯ ಶತಮಾನದ ಕಲ್ಯಾಣಕ್ಕೆ ಬರೋಣ. ಮೀಮಾಂಸಕರು ಕರ್ಮವನ್ನು ನಿತ್ಯ, ನೈಮಿತ್ತಿಕ, ಕಾಮ್ಯವೆಂದು ವಿಂಗಡಿಸಿದರು. ನಿತ್ಯಕರ್ಮವನ್ನು ಬಿಟ್ಟರೆ ದೋಷ. ಸಂಧ್ಯಾವಂದನೆ ಅಂಥದು, ಉಪನಯನವಿಲ್ಲದ ಸ್ತ್ರೀಗೂ ಶೂದ್ರನಿಗೂ ಆ ಹೊಣೆಯಿಲ್ಲ. ಅವರಿಗೆ ಉಳಿದದ್ದು ವ್ರತ, ಹರಕೆ, ದೀಪ ಹಚ್ಚುವುದು, ಮಲಗುವಾಗಿನ ದೇವರ ಹೆಸರು, ಅಂದರೆ ರೂಢಿ. ಶರಣರು ಇಷ್ಟಲಿಂಗವನ್ನು ಹೆಣ್ಣಿನ ಕೈಗೂ ಕೊಟ್ಟಾಗ ಆದ ಬದಲಾವಣೆಯನ್ನು ನಾವು ಸಾಮಾನ್ಯವಾಗಿ ‘ಸ್ವಾತಂತ್ರ್ಯ’ವೆಂದು ವರ್ಣಿಸುತ್ತೇವೆ. ಅದು ಸುಳ್ಳಲ್ಲ, ಆದರೆ ಅರ್ಧ ಮಾತು. ಹೆಣ್ಣಿಗೆ ಅಂದು ದೊರೆತದ್ದು ಹೊಣೆ. ಲಿಂಗವನ್ನು ಮೈಯಿಂದ ಅಗಲಿಸಬಾರದು, ಪೂಜೆಯನ್ನು ತಪ್ಪಿಸಬಾರದು, ಅರ್ಪಿಸದೆ ಉಣ್ಣಬಾರದು. ಯೆಹೂದ್ಯ ಪುರುಷನು ತೋಳಿಗೂ ಹಣೆಗೂ ಕಟ್ಟಿಕೊಳ್ಳುವ ತೆಫಿಲಿನ್ ಎಂಬ ಪೆಟ್ಟಿಗೆಗಳನ್ನು ಮಲಗುವ ಮುನ್ನ ಬಿಚ್ಚಿಡುತ್ತಾನೆ. ಶರಣೆಯು ಲಿಂಗವನ್ನು ಬಿಚ್ಚಿಡಳು. ಜಾಗ್ರತ್, ಸ್ವಪ್ನ, ಸುಷುಪ್ತಿಗಳೆಂಬ ಮೂರು ಅವಸ್ಥೆಗಳೂ ಲಿಂಗಕ್ಕೆ ಸಂದವೆಂದ ಮೇಲೆ ನಿದ್ರೆಗಾಗಿ ಬೇರೊಂದು ಪ್ರಾರ್ಥನೆಯ ಅಗತ್ಯವೇ ಕಡಿಮೆಯಾಗುತ್ತದೆ. ಹಾಗಾಗಿಯೂ ಅಜ್ಜಿ ಮೊಮ್ಮಗುವಿಗೆ ವಿಭೂತಿ ಹಚ್ಚುವುದನ್ನು ಬಿಡಲಿಲ್ಲ. ಶಾಸ್ತ್ರಕ್ಕೆ ಅನಗತ್ಯವಾದದ್ದು ಪ್ರೀತಿಗೆ ಅಗತ್ಯವಾಗಿಯೇ ಉಳಿಯಿತು.

ಅಕ್ಕಮ್ಮನ ವಚನಗಳನ್ನು ಈ ಹೊಸ ಹೊಣೆಯ ಬೆಳಕಿನಲ್ಲಿ ಓದಬೇಕು. 1993ರಲ್ಲಿ ಕರ್ನಾಟಕ ಸರ್ಕಾರ ಹೊರತಂದ ಸಮಗ್ರ ವಚನ ಸಂಪುಟದ ಐದನೆಯ ಸಂಪುಟದಲ್ಲಿ, ಶಿವಶರಣೆಯರ ವಚನಗಳ ನಡುವೆ, ಆಕೆಯ 150ಕ್ಕೂ ಹೆಚ್ಚು ವಚನಗಳು ದೊರೆಯುತ್ತವೆ. ‘ಆಚಾರವೇ ಪ್ರಾಣವಾದ ರಾಮೇಶ್ವರಲಿಂಗ’ವೆಂಬುದು ಆಕೆಯ ಅಂಕಿತ. ಇತರ ವಚನಕಾರರು ದೇವರ ಹೆಸರಿಗೆ ಊರನ್ನೋ ಗುರುವನ್ನೋ ಕೂಡಿಸಿದರೆ ಈಕೆ ಆಚಾರವನ್ನು ಕೂಡಿಸಿದ್ದಾಳೆ. ಯಾವುದನ್ನು ಉಣ್ಣಬೇಕು, ಯಾವುದನ್ನು ಬಿಡಬೇಕು, ಯಾರ ಸಂಗ ಸಲ್ಲದು, ವ್ರತ ತಪ್ಪಿದರೆ ಏನು ಗತಿ ಎಂಬ ಪಟ್ಟಿಗಳು ಅಲ್ಲಿ ಹೇರಳವಾಗಿವೆ. ಅಕ್ಕಮಹಾದೇವಿಯ ಬೆಟ್ಟಗಾಡುಗಳನ್ನು ಓದಿ ಬಂದ ವಿದ್ಯಾರ್ಥಿಗೆ ಇವು ರುಚಿಸುವುದು ಕಷ್ಟ. ಎಲ್ಲ ವಚನಗಳೂ ಕಾವ್ಯವೆಂದು ಸಾಧಿಸುವುದು ನಮ್ಮ ಉದ್ದೇಶವಲ್ಲ. ಹಲವು ಶುಷ್ಕವಾಗಿಯೇ ಇವೆ.

ಆದರೆ ಈ ಪಟ್ಟಿಗಳ ನಡುವೆ ಒಂದು ವಚನ ಬರುತ್ತದೆ. ಆಚಾರ ತಪ್ಪಿದವನು ಗುರುವಾದರೂ ಅವನನ್ನು ಅನುಸರಿಸಲಾಗದು, ಲಿಂಗದಲ್ಲಿಯೂ ಆಚಾರದೋಷ ಕಂಡರೆ ಪೂಜಿಸಲಾಗದು, ಜಂಗಮನಲ್ಲಿಯೂ ಅದು ಇಲ್ಲದಿದ್ದರೆ ಕೂಡಲಾಗದು ಎಂಬುದು ಅದರ ಇಂಗಿತ. ಗುರು, ಲಿಂಗ, ಜಂಗಮರು ಶರಣಪಂಥದ ಮೂರು ಆಧಾರಸ್ತಂಭಗಳು. ಒಬ್ಬ ಹೆಂಗಸು ಆ ಮೂರನ್ನೂ ಒಂದೇ ಅಳತೆಗೋಲಿನಿಂದ ಅಳೆಯುತ್ತಾಳೆ. ಈ ಧೈರ್ಯ ಆಕೆಗೆ ಎಲ್ಲಿಂದ ಬಂದಿತು? ರೂಢಿಯನ್ನು ಪಾಲಿಸುವವಳಿಗೆ ಹೀಗೆ ಕೇಳುವ ಹಕ್ಕಿಲ್ಲ. ‘ಹಿಂದಿನಿಂದ ನಡೆದು ಬಂದಿದೆ’ ಎಂಬಲ್ಲಿಗೆ ಮಾತು ಮುಗಿಯುತ್ತದೆ. ವಿಧಿಗೆ ಒಳಪಟ್ಟವಳಿಗೆ ಆ ಹಕ್ಕುಂಟು, ಏಕೆಂದರೆ ವಿಧಿಯು ವಿಧಿಸಿದವನನ್ನೂ ಕಟ್ಟುತ್ತದೆ. ಮೈಮೋನಿಡೀಸನು ಹೇಳಿದ ಹೊತ್ತುಕೊಳ್ಳುವಿಕೆ ಇಲ್ಲಿ ಒಬ್ಬಳ ದನಿಯಲ್ಲಿ ಕೇಳಿಬರುತ್ತದೆ. ಅಕ್ಕಮ್ಮನ ಪಟ್ಟಿಗಳು ಅಡುಗೆಮನೆಯ ಮಡಿಯ ಪಟ್ಟಿಗಳಲ್ಲ, ಹೊಣೆಗಾರಳೊಬ್ಬಳ ಲೆಕ್ಕಪತ್ರಗಳು. ಆಕೆಯನ್ನು ಸಂಪ್ರದಾಯಸ್ಥೆಯೆಂದು ಕರೆಯುವ ವಿಮರ್ಶೆ ರೂಢಿಯ ಅರ್ಥದ ಆಚಾರವನ್ನು ವಿಧಿಯ ಅರ್ಥದ ಆಚಾರಕ್ಕೆ ಹೊದಿಸಿ ತಪ್ಪಿದೆಯೆಂಬುದು ನಮ್ಮ ನಿಲುವು.

ಈ ನಿಲುವಿಗೆ ಎರಡು ಆಕ್ಷೇಪಗಳು ಬರಬಹುದು. ಭವಿಗಳನ್ನು ದೂರವಿಡುವ ಆಕೆಯ ಕಾಠಿಣ್ಯವನ್ನು ಹೇಗೆ ಸಮರ್ಥಿಸುವಿರಿ ಎಂಬುದು ಒಂದು. ಸಮರ್ಥಿಸುವುದಿಲ್ಲ. ಒಂದು ಸಮೂಹಕ್ಕೆ ಸೇರಿದವರ ಹೊಣೆಯನ್ನು ಬಿಗಿಮಾಡಿದಷ್ಟೂ ಸೇರದವರಿಗೆ ಬಾಗಿಲು ಕಿರಿದಾಗುತ್ತದೆ. ಅಕ್ಕಮ್ಮನಲ್ಲಿ ಈ ದೋಷ ಸ್ಪಷ್ಟವಾಗಿದೆ. ವಿಧಿಗಿಂತ ರೂಢಿಯೇ ಮೃದುವಲ್ಲವೇ, ಅಜ್ಜಿಯ ವಿಭೂತಿಯನ್ನು ನೀವೇ ಹೊಗಳಿದಿರಲ್ಲ ಎಂಬುದು ಇನ್ನೊಂದು. ರೂಢಿಯು ಯಾವಾಗಲೂ ಮೃದುವಲ್ಲ. ಇದೇ ಜಿಲ್ಲೆಯ ಕಾಡುಗೊಲ್ಲರ ಹಟ್ಟಿಗಳಲ್ಲಿ ಮುಟ್ಟಾದ ಹೆಂಗಸರನ್ನೂ ಬಾಣಂತಿಯರನ್ನೂ ಹಟ್ಟಿಯ ಹೊರಗಿನ ಗುಡಿಸಲಿನಲ್ಲಿ ಇರುಳು ಕಳೆಯುವಂತೆ ಮಾಡುವ ಸೂತಕದ ಕಟ್ಟು ಯಾವ ಗ್ರಂಥದಲ್ಲಿಯೂ ಬರೆದಿಲ್ಲ. ಜುಂಜಪ್ಪ, ಎತ್ತಪ್ಪರ ಮಹಾಕಾವ್ಯಗಳನ್ನು ಕಂಠದಲ್ಲಿ ಕಾಪಾಡಿಕೊಂಡು ಬಂದ ಸಮುದಾಯವಿದು. ಅದರ ಹಿರಿಮೆಯನ್ನು ಬಲ್ಲ ನಾವೇ ಇದನ್ನೂ ಹೇಳಬೇಕಾಗಿದೆ. 2017ರಲ್ಲಿ ರಾಜ್ಯದ ಶಾಸನಸಭೆ ಅಂಗೀಕರಿಸಿ 2020ರಲ್ಲಿ ಜಾರಿಗೆ ಬಂದ ಅಮಾನವೀಯ ಆಚರಣೆಗಳ ನಿಷೇಧದ ಕಾಯಿದೆ ಇಂಥ ಪ್ರತ್ಯೇಕವಾಸವನ್ನು ಅಪರಾಧಗಳ ಸಾಲಿನಲ್ಲಿ ಎಣಿಸಿದೆ. ಅಲ್ಲಿ ಮಲಗಿದ ಹೆಂಗಸು ಯಾರ ಬಳಿ ಲೆಕ್ಕ ಕೇಳಬೇಕು? ರೂಢಿಗೆ ಕರ್ತೃವಿಲ್ಲದಿರುವುದರಿಂದ ಉತ್ತರಿಸುವವನೂ ಇಲ್ಲ.

ಹೀಗೆ ನೋಡಿದಾಗ ಅಮುಗೆ ರಾಯಮ್ಮನ ಸ್ಥಾನವೂ ಹೊಸದಾಗಿ ಕಾಣುತ್ತದೆ. ಅರಿವನ್ನು ಮುಂದಿಟ್ಟು ಹೊರಗಿನ ಶೀಲವ್ರತಗಳ ಆಡಂಬರವನ್ನು ಕಟುವಾಗಿ ಪ್ರಶ್ನಿಸುವ ಈಕೆಯನ್ನು ಅಕ್ಕಮ್ಮನಿಗೆ ವಿರುದ್ಧವಾಗಿ ನಿಲ್ಲಿಸುವುದು ಪರೀಕ್ಷೆಯ ಪ್ರಶ್ನಪತ್ರಿಕೆಗಳಿಗೆ ಅನುಕೂಲ. ಆದರೆ ರಾಯಮ್ಮನ ಮಾತು ಹೊಣೆಯ ಹೊರಗೆ ನಿಂತವಳ ಮಾತಲ್ಲ. ಅದನ್ನು ಹೊತ್ತು ನಡೆದು, ಇನ್ನು ಅರಿವೇ ತನ್ನನ್ನು ಕಾಯುತ್ತದೆಂದು ಕಂಡುಕೊಂಡವಳ ಮಾತು. ತಾಲ್ಮೂದಿನಲ್ಲಿ ರಾವ್ ನಹ್ಮಾನ್ ಹಾಸಿಗೆಯ ಪ್ರಾರ್ಥನೆಯಿಂದ ಪಂಡಿತನಿಗೆ ಕೊಟ್ಟ ವಿನಾಯಿತಿಯೂ ಇದೇ ಜಾತಿಯದು. ಅಲ್ಲಿ ಸ್ತ್ರೀಗೆ ದೊರೆತ ವಿನಾಯಿತಿ ಬೇರೆ ಜಾತಿಯದು. ಅಕ್ಕಮ್ಮನೂ ರಾಯಮ್ಮನೂ ನಡೆಸಿದ ವಾದವು ವಿಧಿಯ ಒಳಗಿನ ಇಬ್ಬರು ಸಮಾನರ ವಾದವಾಗಿದೆ. ಐದನೆಯ ಸಂಪುಟವನ್ನು ಪಾಠ ಹೇಳುವವರು ಈ ಇಬ್ಬರ ವಚನಗಳನ್ನು ಎದುರುಬದುರಾಗಿಟ್ಟು, ಒಂದೊಂದರಲ್ಲಿಯೂ ‘ಆಚಾರ’ ಶಬ್ದವು ಬಂದೆಡೆ ಅದು ವಿಧಿಯನ್ನು ಹೇಳುತ್ತದೆಯೋ ರೂಢಿಯನ್ನು ಹೇಳುತ್ತದೆಯೋ ಎಂದು ವಿದ್ಯಾರ್ಥಿಗಳಿಂದ ಗುರುತು ಹಾಕಿಸಬಹುದು. ಕೆಲವೆಡೆ ಎರಡೂ ಸಲ್ಲುತ್ತವೆ. ಆ ವಚನಗಳನ್ನೇ ಮೊದಲು ಕೈಗೆತ್ತಿಕೊಳ್ಳುವುದು ಒಳ್ಳೆಯದು.